ವಿಷಯಪಾಠದ ಮೂಲಕ ಇಂಗ್ಲಿಷ್: ಕನ್ನಡ ಮಾಧ್ಯಮದ ಶಾಲೆ ಯಾವ ಮಾರ್ಗ ಹಿಡಿಯಬೇಕು?

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳನ್ನು ಹತ್ತಿರದಿಂದ ಕಂಡ ಶಿಕ್ಷಕರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಅವರಲ್ಲಿ ಅನೇಕರಿಗೆ ವಿಜ್ಞಾನದ ಕೊರತೆಯಿಲ್ಲ. ವಕ್ರೀಭವನದ ಕಿರಣಚಿತ್ರವನ್ನು ಬಿಡಿಸುತ್ತಾರೆ, ರಾಸಾಯನಿಕ ಸಮೀಕರಣವನ್ನು ಸರಿದೂಗಿಸುತ್ತಾರೆ. ಅದೇ ವಿಷಯ ಇಂಗ್ಲಿಷಿನ ಪುಟವಾಗಿ ಎದುರಾದಾಗ ತಡವರಿಸುತ್ತಾರೆ, ತಮಗೆ ಏನೂ ಬರುವುದಿಲ್ಲ ಎಂದು ನಂಬತೊಡಗುತ್ತಾರೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಪಾಠವಿದೆ. ಹತ್ತು ವರ್ಷ ಒಂದು ಭಾಷೆಯನ್ನು ಕಲಿತ ಮೇಲೂ ಹೀಗೇಕೆ? ಆ ಹತ್ತು ವರ್ಷಗಳಲ್ಲಿ ಅವರು ಕಂಡದ್ದು ಬಹುಪಾಲು ಕಥೆ, ಪದ್ಯ, ಪತ್ರಲೇಖನಗಳ ಇಂಗ್ಲಿಷ್. ಕಾರಣ ಕೊಡುವ, ಹೋಲಿಸುವ, ವ್ಯಾಖ್ಯಾನಿಸುವ, ನಕ್ಷೆಯನ್ನು ಓದಿ ಹೇಳುವ ಇಂಗ್ಲಿಷ್ ಅವರ ಕಿವಿಗೆ ಬಿದ್ದದ್ದೇ ಕಡಿಮೆ.

ಈ ಅಂತರವನ್ನು ತುಂಬಲು ಇಂಗ್ಲಿಷನ್ನು ವಿಜ್ಞಾನ, ಗಣಿತ, ಭೂಗೋಳದ ಪಾಠಗಳ ಮೂಲಕವೇ ಕಲಿಸಬೇಕೆಂಬ ಮಾತು ಈಗ ತರಬೇತಿಗಳಲ್ಲಿ, ಎಸ್‌ಡಿಎಂಸಿ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಯೋಚನೆ ಒಳ್ಳೆಯದು. ಆದರೆ ಆ ಒಂದೇ ಮಾತಿನ ಅಡಿಯಲ್ಲಿ ಪರಸ್ಪರ ಬಹಳ ಬೇರೆಯಾದ ಹಲವು ಮಾರ್ಗಗಳಿವೆ. ಒಂದು ಮಾರ್ಗದ ಯಶಸ್ಸನ್ನು ತೋರಿಸಿ ಇನ್ನೊಂದನ್ನು ಜಾರಿಗೆ ತರುವುದೇ ನಮ್ಮಲ್ಲಿ ಆಗುತ್ತಿರುವ ದೊಡ್ಡ ಅನಾಹುತ. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡೋಣ. ಅಳೆಯಲು ನಾನು ಬಳಸುವುದು ಒಂದೇ ಅಳತೆಗೋಲು: ಒಂದು ಪಾಠದಲ್ಲಿ ಮಗುವಿಗೆ ವಿಷಯ ಹೊಸದಾಗಿರಬಹುದು, ಇಲ್ಲವೆ ಭಾಷೆ ಹೊಸದಾಗಿರಬಹುದು, ಎರಡೂ ಏಕಕಾಲಕ್ಕೆ ಹೊಸದಾಗಬಾರದು.

ಎಲ್ಲ ವಿಷಯವೂ ಇಂಗ್ಲಿಷಿನಲ್ಲಿ

ಪೋಷಕರು ಮೊದಲು ಕೇಳುವುದು ಇದನ್ನೇ. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದಾಗ ಸೀಟಿಗಾಗಿ ಸಾಲು ನಿಂತ ಊರುಗಳಿದ್ದವು. ಆ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಆಯ್ಕೆ ಪೋಷಕರದು. ಹಾಗಿರುವಾಗ ಆ ಆಯ್ಕೆಗೆ ಬೇಕಾದ ಮಾಹಿತಿಯೂ ಅವರ ಕೈಯಲ್ಲಿರಬೇಕು.

ಈ ಮಾರ್ಗದ ಪರವಾಗಿ ಸದಾ ಮುಂದಿಡುವ ಉದಾಹರಣೆ ಕೆನಡಾದ್ದು. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚ್‌ನಲ್ಲಿ ಪಾಠ ಆರಂಭಿಸಿದರು. ಮಕ್ಕಳು ಫ್ರೆಂಚ್ ಕಲಿತರು, ಇಂಗ್ಲಿಷನ್ನೂ ಕಳೆದುಕೊಳ್ಳಲಿಲ್ಲ, ಗಣಿತದಲ್ಲೂ ಹಿಂದೆ ಬೀಳಲಿಲ್ಲ. ಇದು ನಿಜ. ಆದರೆ ಆ ಶಾಲೆಯ ಒಳಗೆ ಇಣುಕಿದರೆ ಕಾಣುವುದೇನು? ಮಕ್ಕಳ ಮನೆಮಾತು ಆ ಖಂಡದ ಅತ್ಯಂತ ಬಲಿಷ್ಠ ಭಾಷೆ. ಪೋಷಕರು ತಾವೇ ಮುಂದೆ ನಿಂತು ಕೇಳಿ ಪಡೆದ ತರಗತಿ ಅದು. ಪಾಠ ಮಾಡಿದವರು ಫ್ರೆಂಚ್‌ನಲ್ಲಿ ನಿರರ್ಗಳವಾಗಿ ಮಾತನಾಡುವ ಶಿಕ್ಷಕರು. ಮಕ್ಕಳು ಮೊದಮೊದಲು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಅಡ್ಡಿಯಿರಲಿಲ್ಲ, ಮುಂದಿನ ತರಗತಿಗಳಲ್ಲಿ ಇಂಗ್ಲಿಷನ್ನೂ ಕಲಿಸಿದರು. ಇವುಗಳಲ್ಲಿ ನಮ್ಮ ಹೋಬಳಿ ಮಟ್ಟದ ಶಾಲೆಗೆ ಎಷ್ಟು ಅನ್ವಯಿಸುತ್ತವೆ ಎಂದು ಪ್ರಾಮಾಣಿಕವಾಗಿ ಎಣಿಸಿಕೊಳ್ಳಬೇಕು. ಇಷ್ಟೆಲ್ಲ ಅನುಕೂಲವಿದ್ದ ಕೆನಡಾದಲ್ಲೂ ಒಂದು ಕೊರತೆ ಉಳಿಯಿತು. ಮಕ್ಕಳಿಗೆ ಕೇಳಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು, ಮಾತು ಮತ್ತು ಬರವಣಿಗೆಯಲ್ಲಿ ವ್ಯಾಕರಣದ ತಪ್ಪುಗಳು ವರ್ಷಗಟ್ಟಲೆ ಹೋಗಲಿಲ್ಲ. ಕೇಳಿಸಿಕೊಳ್ಳುವುದಷ್ಟೇ ಸಾಲದು, ಮಕ್ಕಳು ತಾವೇ ವಾಕ್ಯ ಕಟ್ಟುವ ಒತ್ತಡಕ್ಕೂ ಒಳಗಾಗಬೇಕು ಎಂದು ಭಾಷಾಕಲಿಕೆಯ ಸಂಶೋಧಕಿ ಮೆರಿಲ್ ಸ್ವೈನ್ 1985ರಲ್ಲಿ ವಾದಿಸಿದ್ದು ಇದೇ ಮಕ್ಕಳನ್ನು ನೋಡಿ.

ಇನ್ನೊಂದು ಉದಾಹರಣೆಯನ್ನು ನಮ್ಮಲ್ಲಿ ಅಷ್ಟಾಗಿ ಹೇಳುವುದಿಲ್ಲ. ಮಲೇಷ್ಯಾ 2003ರಲ್ಲಿ ಗಣಿತ ಮತ್ತು ವಿಜ್ಞಾನವನ್ನು ದೇಶದಾದ್ಯಂತ ಇಂಗ್ಲಿಷಿಗೆ ಬದಲಿಸಿತು. ಶಿಕ್ಷಕರಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ತರಬೇತಿ ಎಲ್ಲವನ್ನೂ ಒದಗಿಸಿತು. ಆರು ವರ್ಷಗಳ ನಂತರ, 2009ರಲ್ಲಿ, ಅದನ್ನು ಹಿಂತೆಗೆದುಕೊಳ್ಳುವ ನಿರ್ಧಾರ ಪ್ರಕಟವಾಯಿತು. 2012ರಿಂದ ಹಂತಹಂತವಾಗಿ ಪಾಠಗಳು ಹಳೆಯ ಮಾಧ್ಯಮಗಳಿಗೆ ಮರಳಿದವು. ನಗರದ ಮಕ್ಕಳಿಗೂ ಹಳ್ಳಿಯ ಮಕ್ಕಳಿಗೂ ನಡುವಿನ ಅಂತರ ಹಿಗ್ಗಿದ್ದು, ವಿಷಯ ಶಿಕ್ಷಕರಿಗೇ ಇಂಗ್ಲಿಷಿನಲ್ಲಿ ವಿಶ್ವಾಸವಿಲ್ಲದ್ದು ಅಲ್ಲಿ ಮುಖ್ಯ ಕಾರಣಗಳಾಗಿ ಚರ್ಚೆಗೆ ಬಂದವು.

ಜಿಮ್ ಕಮಿನ್ಸ್ ಎಂಬ ಭಾಷಾಶಿಕ್ಷಣ ವಿದ್ವಾಂಸರು 1979ರಲ್ಲಿ ಮಾಡಿದ ಒಂದು ವಿಂಗಡಣೆಯನ್ನು ಪ್ರತಿ ಪೋಷಕರೂ ತಿಳಿದಿರಬೇಕು ಎಂಬುದು ನನ್ನ ಆಸೆ. ಆಟದ ಬಯಲಿನಲ್ಲಿ, ಅಂಗಡಿಯಲ್ಲಿ ಬಳಸುವ ಮಾತು ಒಂದು ಬಗೆ. ಪಠ್ಯಪುಸ್ತಕದ, ಪರೀಕ್ಷೆಯ ಭಾಷೆ ಇನ್ನೊಂದು ಬಗೆ. ಇಂಗ್ಲಿಷ್ ಮಾತನಾಡುವ ಸಮಾಜಕ್ಕೆ ವಲಸೆ ಬಂದ ಮಕ್ಕಳಲ್ಲೇ ಮೊದಲನೆಯದಕ್ಕೆ ಸುಮಾರು ಎರಡು ವರ್ಷ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಯಿತು. ಸುತ್ತಮುತ್ತ ಇಂಗ್ಲಿಷೇ ಕೇಳಿಸದ ಊರಿನಲ್ಲಿ ಒಂದು ವರ್ಷದಲ್ಲಿ ಫಲ ಸಿಗಲಿ ಎಂದು ಕೇಳುವುದು ಮಗುವಿಗೆ ಮಾಡುವ ಅನ್ಯಾಯ.

ನನ್ನ ಅಭಿಪ್ರಾಯ ಸ್ಪಷ್ಟ. ಮಗು ಕನ್ನಡದಲ್ಲಿ ಏಳೆಂಟು ವರ್ಷ ಓದಿದ ಮೇಲೆ ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಇಡೀ ಮಾಧ್ಯಮವನ್ನು ಬದಲಿಸಬೇಡಿ. ವಿಷಯ ಕಠಿಣವಾಗುವ ವರ್ಷದಲ್ಲೇ ಭಾಷೆಯೂ ಕೈಕೊಡುತ್ತದೆ.

ಕೆಲವು ಪಾಠಗಳು ಮಾತ್ರ ಇಂಗ್ಲಿಷಿನಲ್ಲಿ: ಕ್ಲಿಲ್

ಯುರೋಪಿನಲ್ಲಿ ಹರಡಿದ್ದು ಈ ಮಾರ್ಗ. ಫಿನ್‌ಲೆಂಡ್‌ನಲ್ಲಿದ್ದ ಡೇವಿಡ್ ಮಾರ್ಷ್ 1994ರಲ್ಲಿ ಇದಕ್ಕೆ ಕ್ಲಿಲ್ (ಕಂಟೆಂಟ್ ಅಂಡ್ ಲ್ಯಾಂಗ್ವೇಜ್ ಇಂಟಿಗ್ರೇಟೆಡ್ ಲರ್ನಿಂಗ್) ಎಂಬ ಹೆಸರನ್ನು ಚಾಲ್ತಿಗೆ ತಂದರು. ವಿಷಯ ಮತ್ತು ಭಾಷೆ ಎರಡನ್ನೂ ಒಂದೇ ಪಾಠದ ಗುರಿಯಾಗಿಸುವುದು ಇದರ ತಿರುಳು. ಇಂಗ್ಲಿಷ್ ಮಾಧ್ಯಮದ ಸಾಮಾನ್ಯ ತರಗತಿಯಲ್ಲಿ ಭಾಷೆ ತಾನಾಗಿಯೇ ಬರಲಿ ಎಂದು ಬಿಟ್ಟಿರುತ್ತಾರೆ; ಕ್ಲಿಲ್ ಪಾಠದಲ್ಲಿ ಹಾಗಿಲ್ಲ. ಇಂದಿನ ಪಾಠಕ್ಕೆ ಯಾವ ಪದಗಳು ಬೇಕು, ಯಾವ ವಾಕ್ಯರಚನೆ ಬೇಕು, ಮಗು ಯಾವುದನ್ನು ಬಾಯಿಂದ ಹೇಳಬೇಕು, ಯಾವುದನ್ನು ಬರೆಯಬೇಕು ಎಂದು ಶಿಕ್ಷಕರು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಡೋ ಕಾಯ್ಲ್ ಎಂಬ ಶಿಕ್ಷಣತಜ್ಞೆ ರೂಪಿಸಿದ ಚೌಕಟ್ಟಿನಲ್ಲಿ ವಿಷಯ, ಸಂವಹನ, ಚಿಂತನೆ, ಸಂಸ್ಕೃತಿ ಈ ನಾಲ್ಕನ್ನೂ ಪಾಠಯೋಜನೆಯಲ್ಲಿ ಎಣಿಸಿಕೊಳ್ಳಬೇಕು.

ಇದು ಕೇಳಲು ಹಿತವಾಗಿದೆ, ನಡೆಸಲು ಎರಡು ಷರತ್ತುಗಳಿವೆ. ಪಾಠ ಮಾಡುವವರು ವಿಷಯದಲ್ಲೂ ಗಟ್ಟಿ, ಇಂಗ್ಲಿಷಿನಲ್ಲೂ ಸರಾಗವಾಗಿರಬೇಕು. ಜೊತೆಗೆ ಪ್ರತ್ಯೇಕ ಇಂಗ್ಲಿಷ್ ತರಗತಿ ಎಂದಿನಂತೆ ನಡೆಯುತ್ತಲೇ ಇರಬೇಕು. ಯುರೋಪಿನ ಫಲಿತಾಂಶಗಳನ್ನು ಓದುವಾಗ ಇನ್ನೊಂದು ಎಚ್ಚರವೂ ಬೇಕು: ಅನೇಕ ಕಡೆ ಈ ತರಗತಿಗಳಿಗೆ ಸೇರಿದವರು ಮೊದಲೇ ಓದಿನಲ್ಲಿ ಮುಂದಿದ್ದ, ಆಸಕ್ತಿಯಿಂದ ಬಂದ ಮಕ್ಕಳು. ಅವರ ಅಂಕ ಹೆಚ್ಚಾಗಿದ್ದರೆ ಅದರ ಪೂರ್ತಿ ಶ್ರೇಯಸ್ಸು ಪದ್ಧತಿಗೆ ಸಲ್ಲುವುದಿಲ್ಲ.

ನಿಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಇಂಗ್ಲಿಷಿನಲ್ಲಿ ಓದಿ ಪದವಿ ಪಡೆದಿದ್ದರೆ, ತರಗತಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸಲು ಹಿಂಜರಿಯದಿದ್ದರೆ, ವರ್ಷಕ್ಕೆ ಎರಡು ಅಧ್ಯಾಯಗಳನ್ನು ಹೀಗೆ ಮಾಡಬಹುದು. ಅಷ್ಟೇ. ಕಠಿಣ ಅಧ್ಯಾಯಗಳನ್ನು ಆರಿಸಬೇಡಿ. ಕಣ್ಣಿಗೆ ಕಾಣುವ, ಕೈಯಿಂದ ಮಾಡಿ ನೋಡುವ ಪಾಠಗಳೇ ಇದಕ್ಕೆ ಹೊಂದುತ್ತವೆ.

ಗಣಿತವೇ ಸುಲಭ ಎಂಬ ಭ್ರಮೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಣಿತದಲ್ಲಿ ಅಂಕಿಗಳೇ ತಾನೆ, ಭಾಷೆ ಕಡಿಮೆ, ಅದರಿಂದಲೇ ಇಂಗ್ಲಿಷ್ ಶುರುಮಾಡೋಣ ಎನ್ನುವ ಸಲಹೆ ಎಲ್ಲ ಸಭೆಗಳಲ್ಲೂ ಬರುತ್ತದೆ. ಲೆಕ್ಕಗಳ ಮಟ್ಟಿಗೆ ಅದು ಸರಿ. ಹೇಳಿಕೆಯ ಸಮಸ್ಯೆಗಳಿಗೆ ಬಂದಾಗ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ‘ಎಕ್ಸ್‌ಗಿಂತ ಮೂರು ಕಡಿಮೆ’ ಎಂದಾಗ ಮಗು ಕೇಳಿದ ಕ್ರಮದಲ್ಲೇ ಬರೆಯುತ್ತದೆ: ಮೊದಲು ಎಕ್ಸ್, ಆಮೇಲೆ ಮೂರನ್ನು ಕಳೆಯುವುದು. ಇಂಗ್ಲಿಷಿನಲ್ಲಿ ಅದೇ ಮಾತು ‘ತ್ರೀ ಲೆಸ್ ದ್ಯಾನ್ ಎಕ್ಸ್’. ಕೇಳಿದ ಕ್ರಮದಲ್ಲಿ ಬರೆದರೆ ಮೂರರಲ್ಲಿ ಎಕ್ಸ್ ಕಳೆದಂತಾಗಿ ಉತ್ತರವೇ ತಪ್ಪುತ್ತದೆ. ಇಲ್ಲಿ ತಪ್ಪಿದ್ದು ಬೀಜಗಣಿತವಲ್ಲ, ವಾಕ್ಯದ ಓದು. ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’, ‘ಈಚ್’ ಮುಂತಾದ ಚಿಕ್ಕ ಪದಗಳಲ್ಲೇ ಇಡೀ ಲೆಕ್ಕ ಅಡಗಿರುತ್ತದೆ. ಗಣಿತದ ಮೂಲಕ ಇಂಗ್ಲಿಷ್ ಕಲಿಸಬಹುದು, ಖಂಡಿತ ಕಲಿಸಬೇಕು. ಆದರೆ ಇದು ಭಾಷೆ ಕಡಿಮೆಯಿರುವ ವಿಷಯ ಎಂದುಕೊಂಡು ಶುರುಮಾಡಿದವರು ಮಕ್ಕಳನ್ನು ದಾರಿತಪ್ಪಿಸುತ್ತಾರೆ.

ಭೂಗೋಳ ಇದಕ್ಕಿಂತ ಒಳ್ಳೆಯ ಆರಂಭ. ನಕ್ಷೆ, ಮಳೆಯ ಸ್ತಂಭಾಲೇಖ, ಬೆಳೆಗಳ ಪಟ್ಟಿ ಇವೆಲ್ಲ ಅರ್ಥವನ್ನು ಕಣ್ಣಿಗೇ ತೋರಿಸುತ್ತವೆ. ಇತಿಹಾಸವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಚಿತ್ರದ ಆಸರೆ ಕಡಿಮೆ, ಅಮೂರ್ತ ಪದಗಳು ಹೆಚ್ಚು.

ಇಂಗ್ಲಿಷ್ ಅವಧಿಯೊಳಗೆ ವಿಷಯ

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಗೆ ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡುವುದು ಇದನ್ನು. ವಿಜ್ಞಾನವನ್ನು ವಿಜ್ಞಾನ ಶಿಕ್ಷಕರು ಕನ್ನಡದಲ್ಲೇ ಕಲಿಸುತ್ತಾರೆ. ಕೆಲವು ವಾರಗಳ ನಂತರ, ಮಕ್ಕಳು ಅದನ್ನು ಅರಗಿಸಿಕೊಂಡ ಮೇಲೆ, ಇಂಗ್ಲಿಷ್ ಶಿಕ್ಷಕರು ಅದೇ ವಿಷಯವನ್ನು ತಮ್ಮ ಅವಧಿಯಲ್ಲಿ ಎತ್ತಿಕೊಳ್ಳುತ್ತಾರೆ. ವಿಷಯ ಹಳೆಯದು, ಭಾಷೆ ಮಾತ್ರ ಹೊಸದು. ಯಾವ ಆದೇಶವೂ ಬೇಕಿಲ್ಲ, ವೇಳಾಪಟ್ಟಿ ಬದಲಾಗಬೇಕಿಲ್ಲ, ವಿಜ್ಞಾನದ ಅಂಕಕ್ಕೆ ಅಪಾಯವಿಲ್ಲ.

ಒಂದು ಪಾಠವನ್ನು ವಿವರವಾಗಿ ನೋಡೋಣ. ನೀರು ಆವಿಯಾಗುವ ವೇಗ ಮೇಲ್ಮೈ ವಿಸ್ತೀರ್ಣ, ತಾಪ, ಗಾಳಿಯ ವೇಗ, ಗಾಳಿಯಲ್ಲಿನ ತೇವಾಂಶ ಇವುಗಳನ್ನು ಅವಲಂಬಿಸಿದೆ ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳು ಕನ್ನಡದಲ್ಲಿ ಓದಿರುತ್ತಾರೆ. ಇಂಗ್ಲಿಷ್ ಶಿಕ್ಷಕರು ಬೆಳಿಗ್ಗೆ ಒಂದು ತಟ್ಟೆಗೂ ಒಂದು ಲೋಟಕ್ಕೂ ಸಮ ಪ್ರಮಾಣದ ನೀರು ಹಾಕಿಸಿ ಕಿಟಕಿಯ ಬಳಿ ಇಡಿಸುತ್ತಾರೆ. ಮಧ್ಯಾಹ್ನದ ಅವಧಿಯಲ್ಲಿ ಮಕ್ಕಳು ಉಳಿದ ನೀರನ್ನು ಅಳೆಯುತ್ತಾರೆ. ಮೊದಲ ಐದು ನಿಮಿಷ ಏನಾಯಿತು, ಏಕಾಯಿತು ಎಂದು ಕನ್ನಡದಲ್ಲೇ ಹೇಳಲಿ. ಆಮೇಲೆ ಕರಿಹಲಗೆಯ ಮೇಲೆ ಬೇಕಾದ ಪದಗಳು ಬರುತ್ತವೆ. ಎಂಟು ಪದ ಸಾಕು. ಮೂವತ್ತು ಪದಗಳ ಪಟ್ಟಿ ಕೊಟ್ಟರೆ ಒಂದೂ ಉಳಿಯುವುದಿಲ್ಲ.

ಪದಗಳಿಗಿಂತ ಮುಖ್ಯವಾದದ್ದು ವಾಕ್ಯದ ಚೌಕಟ್ಟು. ಈ ಪಾಠಕ್ಕೆ ಬೇಕಾದದ್ದು ಎರಡೇ: ಹೋಲಿಸುವುದು, ಕಾರಣ ಕೊಡುವುದು. ‘ಫಾಸ್ಟರ್ ದ್ಯಾನ್’ ಮತ್ತು ‘ಬಿಕಾಸ್’ ಇವೆರಡರ ಸುತ್ತ ಅರ್ಧ ವಾಕ್ಯ ಬರೆದು ಖಾಲಿ ಬಿಡಬೇಕು. ಮಕ್ಕಳು ಇಬ್ಬಿಬ್ಬರಾಗಿ ಅದನ್ನು ತುಂಬಿ ಓದುತ್ತಾರೆ. ಮುಂದಿನ ಹೆಜ್ಜೆಯಲ್ಲಿ ಚೌಕಟ್ಟು ಕೊಡದೆ ಹೊಸ ಸಂದರ್ಭ ಕೊಡಬೇಕು: ಬಿಸಿಲಿನಲ್ಲಿ ಹರವಿದ ಬಟ್ಟೆ, ಮಳೆಗಾಲದಲ್ಲಿ ಒಣಗದ ಬಟ್ಟೆ, ಮಣ್ಣಿನ ಮಡಕೆಯಲ್ಲಿ ತಂಪಾಗುವ ನೀರು. ಕೊನೆಗೆ ಪ್ರತಿ ಮಗುವೂ ಒಬ್ಬೊಬ್ಬರೇ ಮೂರು ವಾಕ್ಯ ಬರೆಯಬೇಕು. ಅದರಲ್ಲಿ ‘ದ’ ಬಿಟ್ಟುಹೋಗಿದೆ, ಕ್ರಿಯಾಪದಕ್ಕೆ ‘ಎಸ್’ ಸೇರಿಲ್ಲ ಎಂದು ಮೊದಲ ದಿನವೇ ಕೆಂಪು ಶಾಯಿ ಸುರಿಯಬೇಡಿ. ಕಾರಣ ಸರಿಯಾಗಿದೆಯೇ, ಓದಿದವರಿಗೆ ಅರ್ಥವಾಗುತ್ತದೆಯೇ ಎಂದು ಮೊದಲು ನೋಡಿ. ಬಹುಪಾಲು ಮಕ್ಕಳು ಮಾಡಿದ ಒಂದು ತಪ್ಪನ್ನು ಆರಿಸಿ ಮರುದಿನ ಹತ್ತು ನಿಮಿಷ ಅದನ್ನೇ ಕಲಿಸಿ. ವ್ಯಾಕರಣ ಹೀಗೆ ಬಂದಾಗ ಅದಕ್ಕೊಂದು ಕೆಲಸವಿರುತ್ತದೆ.

ಇಂಗ್ಲಿಷ್ ಶಿಕ್ಷಕರ ಆತಂಕ ನನಗೆ ಅರ್ಥವಾಗುತ್ತದೆ: ನಾವು ಸಾಹಿತ್ಯ ಓದಿ ಬಂದವರು, ವಿಜ್ಞಾನ ಕಲಿಸುವುದು ಹೇಗೆ? ನೀವು ವಿಜ್ಞಾನ ಕಲಿಸಬೇಕಿಲ್ಲ, ಅದನ್ನು ಮಕ್ಕಳು ಆಗಲೇ ಕಲಿತಿದ್ದಾರೆ. ಸಂಶಯ ಬಂದರೆ ಅವರನ್ನೇ ಕೇಳಿ. ಶಿಕ್ಷಕರಿಗಿಂತ ತಮಗೆ ಹೆಚ್ಚು ಗೊತ್ತಿರುವ ಒಂದು ವಿಷಯವನ್ನು ವಿವರಿಸುವ ಅವಕಾಶ ಮಗುವಿನ ಬಾಯಿಂದ ಇಂಗ್ಲಿಷ್ ಹೊರಡಿಸುವಷ್ಟು ಬೇರೆ ಯಾವುದೂ ಹೊರಡಿಸುವುದಿಲ್ಲ.

ಇದಕ್ಕೆ ಹತ್ತಿರದ ಒಂದು ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಲೋಕಪ್ರಸಿದ್ಧವಾಗಿದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ‘ಬೆಂಗಳೂರು ಪ್ರಾಜೆಕ್ಟ್’ ಅದು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮಕ್ಕಳಿಗೆ ಬಿಡಿಸಬೇಕಾದ ಕೆಲಸಗಳನ್ನು ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣ ಗೊತ್ತುಮಾಡುವುದು, ನಕ್ಷೆ ನೋಡಿ ದಾರಿ ಹೇಳುವುದು, ಕೊಟ್ಟ ಮಾಹಿತಿಯಿಂದ ತರ್ಕಿಸಿ ಉತ್ತರ ಕಂಡುಹಿಡಿಯುವುದು. ಮನಸ್ಸು ಅರ್ಥದ ಮೇಲೆ ನಿಂತಾಗ ಭಾಷೆ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ನಮ್ಮ ದೊಡ್ಡ ತರಗತಿಗಳಿಗೆ ಉಪಯುಕ್ತವಾದ ಒಂದು ವಿವರ ಅದರಲ್ಲಿದೆ. ಮೊದಲು ಇಡೀ ತರಗತಿಯೊಂದಿಗೆ ಶಿಕ್ಷಕರು ಒಂದು ಸಮಸ್ಯೆಯನ್ನು ಮಾತಿನಲ್ಲಿ ಬಿಡಿಸುತ್ತಿದ್ದರು, ಅನಂತರ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಿದ್ದರು. ಗುಂಪು ಚಟುವಟಿಕೆಯಿಲ್ಲದೆ ಇದೆಲ್ಲ ಅಸಾಧ್ಯ ಎಂದು ತರಬೇತಿಯಲ್ಲಿ ಕೇಳಿ ಬೇಸತ್ತ ಶಿಕ್ಷಕರು ಇದನ್ನು ಗಮನಿಸಬೇಕು. ಪ್ರಭು ಗುಂಪು ಕೆಲಸಕ್ಕೆ ಒತ್ತುಕೊಡಲೇ ಇಲ್ಲ.

ಇಬ್ಬರು ಶಿಕ್ಷಕರು, ಒಂದು ಪಾಠ

ಅಡ್ಜಂಕ್ಟ್ ಎಂದು ಕರೆಯುವ ಈ ಮಾರ್ಗದಲ್ಲಿ ವಿಷಯ ಶಿಕ್ಷಕರೂ ಭಾಷಾ ಶಿಕ್ಷಕರೂ ಒಂದೇ ವಾರದಲ್ಲಿ ಒಂದೇ ಅಧ್ಯಾಯದ ಮೇಲೆ ಕೆಲಸ ಮಾಡುತ್ತಾರೆ. ಪ್ರೌಢಶಾಲೆಗಿಂತ ಪದವಿಪೂರ್ವ ಕಾಲೇಜಿಗೆ ಇದು ಹೆಚ್ಚು ಹೊಂದುತ್ತದೆ. ಭೌತಶಾಸ್ತ್ರದ ಉಪನ್ಯಾಸಕರು ಚಲನೆಯ ಅಧ್ಯಾಯ ಮಾಡುವ ವಾರ, ಇಂಗ್ಲಿಷ್ ಉಪನ್ಯಾಸಕರು ಅದೇ ಅಧ್ಯಾಯದ ಎರಡು ಪ್ಯಾರಾಗಳನ್ನು ಓದಿಸಿ, ಉದ್ದ ವಾಕ್ಯದಲ್ಲಿ ಕರ್ತೃ ಯಾವುದು, ಕ್ರಿಯಾಪದ ಎಲ್ಲಿದೆ ಎಂದು ಬಿಡಿಸಿ ತೋರಿಸುತ್ತಾರೆ. ಇದಕ್ಕೆ ಬೇಕಾದದ್ದು ಹಣವಲ್ಲ, ವಾರಕ್ಕೊಮ್ಮೆ ಇಬ್ಬರೂ ಕುಳಿತು ಮಾತನಾಡುವ ಸಮಯ. ಪ್ರಾಂಶುಪಾಲರು ಆ ಸಮಯವನ್ನು ವೇಳಾಪಟ್ಟಿಯಲ್ಲೇ ಬರೆಯದಿದ್ದರೆ ಈ ಮಾರ್ಗ ಎರಡನೆಯ ತಿಂಗಳಿಗೆ ನಿಲ್ಲುತ್ತದೆ.

ಅದೂ ಆಗದಿದ್ದರೆ ಪಿಯುಸಿ ಉಪನ್ಯಾಸಕರು ಒಬ್ಬರೇ ಮಾಡಬಹುದಾದದ್ದು ಇದೆ. ಕನ್ನಡ ಮಾಧ್ಯಮದಿಂದ ಬಂದವರು ತರಗತಿಯಲ್ಲಿದ್ದಾರೆ ಎಂದು ಅರಿತು ವಾಕ್ಯಗಳನ್ನು ಚಿಕ್ಕದಾಗಿಸುವುದು, ಹೇಳಿದ ಪ್ರತಿ ಪಾರಿಭಾಷಿಕ ಪದವನ್ನೂ ಹಲಗೆಯ ಮೇಲೆ ಬರೆಯುವುದು, ಅದರ ಪಕ್ಕದಲ್ಲಿ ಪ್ರೌಢಶಾಲೆಯ ಕನ್ನಡ ಪದವನ್ನೂ ಬರೆಯುವುದು. ಆ ಕನ್ನಡ ಪದ ಕಂಡ ಕ್ಷಣ ಮಗುವಿಗೆ ಮೂರು ವರ್ಷ ಓದಿದ್ದೆಲ್ಲ ಕೈಗೆ ಸಿಗುತ್ತದೆ. ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಲು ಬಿಡುವುದೂ ಇದರ ಭಾಗವೇ. ಮೊದಲ ವರ್ಷದ ಮೊದಲ ಮೂರು ತಿಂಗಳು ಹೀಗೆ ನಡೆದರೆ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗುತ್ತೇನೆ ಎನ್ನುವ ಅನೇಕ ಮಕ್ಕಳು ಉಳಿದುಕೊಳ್ಳುತ್ತಾರೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಎರಡು ಭಾಷೆಯ ಪುಸ್ತಕ

ಆಂಧ್ರಪ್ರದೇಶದಲ್ಲಿ ಎಡಪುಟದಲ್ಲಿ ಒಂದು ಭಾಷೆ, ಬಲಪುಟದಲ್ಲಿ ಇನ್ನೊಂದು ಭಾಷೆ ಇರುವ ಪಠ್ಯಪುಸ್ತಕಗಳು ಬಂದಿವೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ವಿಜ್ಞಾನ ಮತ್ತು ಗಣಿತಕ್ಕೆ ದ್ವಿಭಾಷಾ ಪುಸ್ತಕಗಳನ್ನು ಬೆಂಬಲಿಸುತ್ತದೆ. ಮನೆಯಲ್ಲಿ ಕುಳಿತು ಓದುವ ಮಗುವಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಆದರೆ ಪುಸ್ತಕವೊಂದೇ ಭಾಷೆ ಕಲಿಸುವುದಿಲ್ಲ. ಪರೀಕ್ಷೆ ಕನ್ನಡದಲ್ಲಿದ್ದರೆ ಮಕ್ಕಳು ಇಂಗ್ಲಿಷ್ ಪುಟವನ್ನು ತೆರೆದೇ ನೋಡುವುದಿಲ್ಲ. ಶಿಕ್ಷಕರು ವಾರಕ್ಕೆ ಒಂದು ಪ್ಯಾರಾವನ್ನಾದರೂ ಎರಡೂ ಪುಟಗಳನ್ನು ಎದುರುಬದುರು ಇಟ್ಟು ಓದಿಸಬೇಕು. ಇಂತಹ ಪುಸ್ತಕವಿಲ್ಲದ ಶಾಲೆಗಳು ಕನ್ನಡ ಮಾಧ್ಯಮದ ಮತ್ತು ಇಂಗ್ಲಿಷ್ ಮಾಧ್ಯಮದ ಅದೇ ಪಠ್ಯವನ್ನು ಅಂತರ್ಜಾಲದಿಂದ ಇಳಿಸಿಕೊಂಡು ಒಂದು ಹಾಳೆಯ ಎರಡು ಬದಿಗೆ ಮುದ್ರಿಸಿಕೊಳ್ಳಬಹುದು.

ಹಾಗಾದರೆ ಯಾವುದು?

ಐದರಿಂದ ಏಳನೆಯ ತರಗತಿಯವರೆಗೆ: ಇಂಗ್ಲಿಷ್ ಅವಧಿಯಲ್ಲಿ ಗಿಡ, ಆಹಾರ, ಊರಿನ ನಕ್ಷೆ, ಹವಾಮಾನ ಇಂಥ ಕೈಗೆಟಕುವ ವಿಷಯಗಳು, ಹೆಚ್ಚಾಗಿ ಮಾತು. ಎಂಟು ಮತ್ತು ಒಂಬತ್ತರಲ್ಲಿ ಮೇಲೆ ವಿವರಿಸಿದಂತೆ ಕನ್ನಡದಲ್ಲಿ ಕಲಿತದ್ದನ್ನು ಇಂಗ್ಲಿಷ್ ಅವಧಿಯಲ್ಲಿ ಮತ್ತೆ ಹಿಡಿಯುವುದು, ವಾರಕ್ಕೆ ಒಂದು ಅವಧಿ. ಹತ್ತನೆಯ ತರಗತಿಯಲ್ಲಿ ಜನವರಿಯ ನಂತರ ಏನನ್ನೂ ಹೊಸದಾಗಿ ಶುರುಮಾಡಬೇಡಿ. ಮಕ್ಕಳು ವಿಜ್ಞಾನ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು. ಆ ಸಮಯ ಅವರದು. ಪರೀಕ್ಷೆ ಮುಗಿದು ಪಿಯುಸಿ ತೆರೆಯುವವರೆಗಿನ ಬಿಡುವು ಈ ಕೆಲಸಕ್ಕೆ ಹೇಳಿ ಮಾಡಿಸಿದ ಅವಧಿ, ಅದನ್ನು ನಾವು ಪೂರ್ತಿ ವ್ಯರ್ಥ ಮಾಡುತ್ತಿದ್ದೇವೆ. ಹತ್ತನೆಯ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಆ ದಿನಗಳಲ್ಲಿ ಓದಿಸಿ. ಪಿಯುಸಿ ಪುಸ್ತಕ ಬೇಡ. ಅದರಲ್ಲಿ ವಿಷಯವೂ ಹೊಸದು.

ಅಂಕ ಕೊಡುವಾಗ ವಿಷಯಕ್ಕೂ ಭಾಷೆಗೂ ಬೇರೆ ಬೇರೆ ಕಲಂ ಇರಲಿ. ‘ಪ್ಲಾಂಟ್ ಮೇಕ್ ಫುಡ್ ಬೈ ಸನ್‌ಲೈಟ್’ ಎಂದು ಬರೆದ ಮಗುವಿಗೆ ವಿಜ್ಞಾನ ಗೊತ್ತಿದೆ. ಆ ಮಾತು ಅದರ ಹಾಳೆಯ ಮೇಲೆ ಅಂಕವಾಗಿ ಕಾಣಬೇಕು.

ಯಾವ ಮಾರ್ಗ ಹಿಡಿದರೂ ಎರಡು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ ನೋಡಿ: ಇಂಗ್ಲಿಷಿನಲ್ಲಿ ಮಾಡಿದ ಪಾಠದ ಮೇಲೆ ಕನ್ನಡದಲ್ಲಿ ಐದು ಪ್ರಶ್ನೆ ಕೇಳಿ. ಕನ್ನಡದಲ್ಲೂ ಉತ್ತರ ಬಾರದಿದ್ದರೆ ಆ ಪಾಠದಲ್ಲಿ ವಿಷಯವೇ ಹೋಗಿದೆ ಎಂದರ್ಥ. ಆಗ ಮುಂದಿನ ಅಧ್ಯಾಯವನ್ನು ಕನ್ನಡದಲ್ಲಿ ಮಾಡಿ, ಇಂಗ್ಲಿಷಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಪೋಷಕರನ್ನು ಕರೆದು ಏಕೆ ಇಳಿಸಿದಿರಿ ಎಂದು ಆ ಉತ್ತರಪತ್ರಿಕೆಗಳನ್ನೇ ತೋರಿಸಿ ವಿವರಿಸಿ.